ಬಾಟ್ ಕೊಟ್ಟ ಮಾತಿಗೆ ಹೊಣೆ ಯಾರು? ಗ್ರಾಹಕ ಸೇವೆಗೆ ಬಾಟ್ ಆರಿಸುವವರಿಗೆ ಒಂದು ಹೋಲಿಕೆ

ಇತ್ತೀಚೆಗೆ ಓದುಗರಿಂದ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇವೆ. ಸಕಲೇಶಪುರದ ಕಡೆ ಹೋಂಸ್ಟೇ ನಡೆಸುವವರು, ಇಳಕಲ್ ಸೀರೆ ಆನ್‌ಲೈನ್‌ನಲ್ಲಿ ಮಾರುವವರು, ಹುಬ್ಬಳ್ಳಿಯಲ್ಲಿ ಕ್ಲಿನಿಕ್ ಇಟ್ಟವರು, ಬೆಂಗಳೂರಿನಲ್ಲಿ ಕೂತು ಅಮೆರಿಕಕ್ಕೆ ಸಾಫ್ಟ್‌ವೇರ್ ಮಾರುವವರು, ಎಲ್ಲರಿಗೂ ಗ್ರಾಹಕರ ಮೆಸೇಜ್‌ಗೆ ತಾನೇ ಉತ್ತರ ಕೊಡುವ ಬಾಟ್ ಬೇಕು. ಬಟನ್ ಒತ್ತುವ ಹಳೇ ಥರದ್ದು ಸಾಕಾ, ಎಐ ಬಾಟ್ ಹಾಕಬೇಕಾ, ಫೋನಿನಲ್ಲಿ ಮಾತಾಡುವ ಬಾಟ್ ತರಬೇಕಾ ಎಂದು ಕೇಳುತ್ತಾರೆ. ಮಾರುವವರು ಡೆಮೊದಲ್ಲಿ ಬಾಟ್ ಎಷ್ಟು ಜಾಣ ಅಂತ ತೋರಿಸುತ್ತಾರೆ. ನಾನಾದರೆ ಮೊದಲು ಕೇಳುವುದು ಬೇರೆ: ಇದು ನಿಮ್ಮ ಹೆಸರಲ್ಲಿ ಎಷ್ಟು ಮಾತು ಕೊಡಬಲ್ಲದು? ಕಾನೂನಿನ ತಲೆನೋವು ಶುರುವಾಗುವುದು ಅಲ್ಲಿಂದಲೇ.

ಮೊದಲು ಯಾವುದನ್ನು ನೋಡಬೇಕು

ಎಲ್ಲಕ್ಕಿಂತ ಮುಖ್ಯವಾದದ್ದು ಮಾತಿನ ಹೊಣೆ. ಇದಕ್ಕೆ ಏರ್ ಕೆನಡಾ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 2022ರ ನವೆಂಬರ್‌ನಲ್ಲಿ ಒಬ್ಬ ಪ್ರಯಾಣಿಕರ ಅಜ್ಜಿ ತೀರಿಕೊಂಡರು. ಆ ಪ್ರಯಾಣಿಕರು ಏರ್‌ಲೈನ್‌ನ ವೆಬ್‌ಸೈಟ್‌ನಲ್ಲಿದ್ದ ಚಾಟ್‌ಬಾಟ್ ಹತ್ತಿರ ಸಾವಿನ ಸಂದರ್ಭದ ರಿಯಾಯಿತಿ ಬಗ್ಗೆ ಕೇಳಿದರು. ಈಗ ಪೂರ್ತಿ ದುಡ್ಡು ಕೊಟ್ಟು ಟಿಕೆಟ್ ತಗೊಳ್ಳಿ, 90 ದಿನದೊಳಗೆ ಅರ್ಜಿ ಹಾಕಿದರೆ ರಿಯಾಯಿತಿ ಸಿಗುತ್ತದೆ ಎಂಬರ್ಥದ ಉತ್ತರ ಬಂತು. ಕಂಪನಿಯ ನಿಜವಾದ ನಿಯಮದಲ್ಲಿ ಪ್ರಯಾಣ ಮುಗಿದ ಮೇಲೆ ರಿಯಾಯಿತಿ ಕೇಳಲು ಅವಕಾಶವೇ ಇರಲಿಲ್ಲ. ತಮಾಷೆ ಎಂದರೆ, ಆ ನಿಯಮ ಇದ್ದ ಪುಟದ ಲಿಂಕನ್ನೂ ಅದೇ ಬಾಟ್ ಕೊಟ್ಟಿತ್ತು!

ವಿವಾದ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಸಣ್ಣ ಮೊತ್ತದ ವ್ಯಾಜ್ಯ ತೀರಿಸುವ ಸಿವಿಲ್ ರೆಸಲ್ಯೂಷನ್ ಟ್ರಿಬ್ಯುನಲ್‌ಗೆ ಹೋಯಿತು. ಚಾಟ್‌ಬಾಟ್ ತನ್ನ ಕೆಲಸಕ್ಕೆ ತಾನೇ ಹೊಣೆಯಾದ ಬೇರೊಂದು ವ್ಯಕ್ತಿ ಎನ್ನುವ ಧಾಟಿಯಲ್ಲಿ ಕಂಪನಿ ವಾದಿಸಿತು. 2024ರ ಫೆಬ್ರವರಿಯಲ್ಲಿ ಟ್ರಿಬ್ಯುನಲ್ ಅದನ್ನು ಒಪ್ಪಲಿಲ್ಲ. ಬಾಟ್ ಕೂಡ ವೆಬ್‌ಸೈಟಿನದೇ ಭಾಗ, ಒಂದು ಪುಟ ನಂಬಬೇಕು ಇನ್ನೊಂದು ನಂಬಬಾರದು ಅಂತ ಗ್ರಾಹಕನಿಗೆ ಹೇಗೆ ಗೊತ್ತಾಗಬೇಕು ಎಂದು ಕೇಳಿತು. ಬಡ್ಡಿ, ಶುಲ್ಕ ಎಲ್ಲ ಸೇರಿ ಸುಮಾರು 812 ಕೆನಡಾ ಡಾಲರ್ ಕೊಡಬೇಕಾಯಿತು. ಮೊತ್ತ ಸಣ್ಣದು. ಆದರೆ ಕಂಪನಿಯ ಆ ವಾದ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಬಂತು.

ಇದು ಕೆನಡಾದ ಸಣ್ಣ ಟ್ರಿಬ್ಯುನಲ್ ತೀರ್ಪು, ನಮ್ಮ ನ್ಯಾಯಾಲಯಗಳು ಇದನ್ನು ಪಾಲಿಸಲೇಬೇಕೆಂದಿಲ್ಲ. ಆದರೆ ನಮ್ಮಲ್ಲಿ ಆ ವಾದಕ್ಕೆ ಜಾಗ ಇನ್ನೂ ಕಡಿಮೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 11ನೇ ಸೆಕ್ಷನ್ ನೋಡಿ. ತಾನಾಗಿಯೇ ಕೆಲಸ ಮಾಡುವಂತೆ ನೀವು ಅಥವಾ ನಿಮ್ಮ ಪರವಾಗಿ ಬೇರೆಯವರು ಪ್ರೋಗ್ರಾಂ ಮಾಡಿಟ್ಟ ವ್ಯವಸ್ಥೆ ಕಳಿಸಿದ ಸಂದೇಶ ನಿಮ್ಮದೇ ಎಂದು ಅದು ಹೇಳುತ್ತದೆ. ಎಲೆಕ್ಟ್ರಾನಿಕ್ ರೂಪದಲ್ಲಿ ಆಯಿತು ಎನ್ನುವ ಒಂದೇ ಕಾರಣಕ್ಕೆ ಒಪ್ಪಂದ ಬಿದ್ದುಹೋಗುವುದಿಲ್ಲ ಎಂದು 10ಎ ಸೆಕ್ಷನ್ ಹೇಳುತ್ತದೆ. ಇದರ ಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಗ್ರಾಹಕರು ತಾವಿರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಹಾಕಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ. ನಿಮ್ಮ ಅಂಗಡಿ ಇಳಕಲ್‌ನಲ್ಲಿದ್ದು ಗ್ರಾಹಕರು ಮಂಗಳೂರಿನವರಾದರೆ ಓಡಾಟ ನಿಮ್ಮದೇ.

ಎರಡನೆಯದು ಗ್ರಾಹಕರ ಮಾಹಿತಿ. ಬಾಟ್ ಹತ್ತಿರ ಜನ ಹೆಸರು, ವಿಳಾಸ, ಆಧಾರ್ ಫೋಟೊ, ಕಾಯಿಲೆ, ಕೆಲವೊಮ್ಮೆ ಒಟಿಪಿ ಕೂಡ ಸುರಿದುಬಿಡುತ್ತಾರೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಮುಖ್ಯ ಹೊಣೆಗಳು 18 ತಿಂಗಳ ನಂತರ, ಅಂದರೆ 2027ರ ಮೇ ಹೊತ್ತಿಗೆ ಜಾರಿಗೆ ಬರುತ್ತವೆ. ಮಾಹಿತಿಯನ್ನು ಸರಿಯಾಗಿ ಕಾಪಾಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಸಣ್ಣ ಅಂಗಡಿಗೆ ಅಷ್ಟು ಹಾಕುತ್ತಾರೆ ಅಂತ ಹೆದರಬೇಕಿಲ್ಲ, ಅದು ಮೇಲಿನ ಮಿತಿ. ಆದರೆ ಒಂದು ಮಾತು ನೆನಪಿರಲಿ. ಬಾಟ್ ನಡೆಸುವುದು ಹೊರಗಿನ ಕಂಪನಿಯಾದರೂ ಕಾಯ್ದೆಯ ಕಣ್ಣಲ್ಲಿ ಹೊಣೆ ನಿಮ್ಮದೇ. ನೀವಿಬ್ಬರೂ ಏನೇ ಬರೆದುಕೊಂಡಿರಿ.

ಮೂರನೆಯದು, ಮನುಷ್ಯರ ಹತ್ತಿರ ಹೋಗುವ ದಾರಿ. ಸ್ವಂತ ವೆಬ್‌ಸೈಟ್ ಅಥವಾ ಆ್ಯಪ್‌ನಲ್ಲಿ ಮಾರುವವರು ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ಹಾಕಿರಬೇಕು ಎಂದು 2020ರ ಇ-ಕಾಮರ್ಸ್ ನಿಯಮ ಹೇಳುತ್ತದೆ. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ. ಸ್ವೀಕೃತಿಯನ್ನು ಬಾಟ್ ಕೊಡಬಹುದು. ಅಧಿಕಾರಿ ಮಾತ್ರ ಮನುಷ್ಯರೇ ಆಗಿರಬೇಕು. ಚಂದಾ ನಿಲ್ಲಿಸಿ ಎಂದು ಕೇಳಿದವರನ್ನು ಬಾಟ್ ಸುತ್ತಾಡಿಸಿದರೆ ಅದು 2023ರ ನವೆಂಬರ್‌ನಲ್ಲಿ ಬಂದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯ ಕೆಳಗೆ ಬರುತ್ತದೆ. ಅಲ್ಲಿ ಪಟ್ಟಿ ಮಾಡಿರುವ 13 ಮೋಸದ ಮಾದರಿಗಳಲ್ಲಿ ಚಂದಾ ಬಲೆಯೂ ಒಂದು. ವಾಟ್ಸಾಪ್ ಬಿಸಿನೆಸ್‌ನ ಸ್ವಂತ ನಿಯಮವೂ, ಬಾಟ್ ಇದ್ದರೆ ಮನುಷ್ಯರನ್ನು ತಲುಪಲು ಸುಲಭದ ದಾರಿ ಇರಬೇಕು ಎನ್ನುತ್ತದೆ.

ಇನ್ನುಳಿದವು ಎರಡು. ಕನ್ನಡ ಎಷ್ಟು ಬರುತ್ತದೆ, ಮತ್ತು ಏನು ಹೇಳಿತು ಎನ್ನುವ ದಾಖಲೆ ಉಳಿಯುತ್ತದಾ. ಇವುಗಳನ್ನು ಆಯ್ಕೆಗಳ ಜೊತೆಗೇ ನೋಡೋಣ.

ಬಟನ್ ಬಾಟ್: ಪೆದ್ದು, ಆದರೆ ನಂಬಬಹುದು

'1 ಒತ್ತಿ, 2 ಒತ್ತಿ' ಮಾದರಿ. ದರ, ಸಮಯ, ದಾರಿ, ಆರ್ಡರ್ ಎಲ್ಲಿದೆ ಎನ್ನುವಷ್ಟಕ್ಕೆ ಸಾಕು. ಪ್ರತಿ ಉತ್ತರವನ್ನೂ ನೀವೇ ಬರೆದಿರುತ್ತೀರಿ. ಹಾಗಾಗಿ ಅದು ಹೊಸ ಮಾತು ಕೊಡುವ ಪ್ರಶ್ನೆಯೇ ಇಲ್ಲ. ಕನ್ನಡವೂ ನೀವು ಬರೆದಷ್ಟೇ ಚೆನ್ನಾಗಿರುತ್ತದೆ. ಗ್ರಾಹಕರಿಂದ ತೆಗೆದುಕೊಳ್ಳುವ ಮಾಹಿತಿಯೂ ಕಡಿಮೆ. ತಿಂಗಳಿಗೆ ನೂರಿನ್ನೂರು ವಿಚಾರಣೆ ಬರುವ ಅಂಗಡಿಗೆ ಇಷ್ಟೂ ಬೇಡ. ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ ಬಿಟ್ಟಿಯಾಗಿ ಸಿಗುವ ಸ್ವಾಗತ ಸಂದೇಶ, ಕ್ವಿಕ್ ರಿಪ್ಲೈ ಸಾಕು.

ಇದರ ಅಪಾಯ ಒಂದೇ, ಹಳಸುವುದು. ಹೋದ ವರ್ಷದ ದರ ಅಲ್ಲೇ ಕೂತಿರುತ್ತದೆ. ದೀಪಾವಳಿ ರಿಯಾಯಿತಿ ಯುಗಾದಿಯಲ್ಲೂ ಓಡುತ್ತಿರುತ್ತದೆ. ಗ್ರಾಹಕರು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡರೆ ಆ ದರಕ್ಕೆ ನೀವು ಉತ್ತರ ಹೇಳಬೇಕು.

ಎಐ ಬಾಟ್: ಜಾಣ, ಬಾಯಿ ಜಾಸ್ತಿ

ಎಲ್ಲರ ಕಣ್ಣೂ ಇದರ ಮೇಲೆ. ನಿಮ್ಮ ದರಪಟ್ಟಿ, ನಿಯಮದ ಪುಟಗಳನ್ನು ಓದಿಕೊಂಡು ತನ್ನದೇ ವಾಕ್ಯದಲ್ಲಿ ಉತ್ತರ ಕೊಡುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿದರೂ ಬಹುತೇಕ ಅರ್ಥ ಮಾಡಿಕೊಳ್ಳುತ್ತದೆ. ಬಟನ್ ಬಾಟ್ ಇದರ ಹತ್ತಿರಕ್ಕೂ ಬರಲ್ಲ.

ತೊಂದರೆ ಹೇಗೆ ಬರುತ್ತದೆ ಅಂತ ಹೋಂಸ್ಟೇ ಉದಾಹರಣೆಯಲ್ಲೇ ನೋಡಿ. ನಿಮ್ಮ ನಿಯಮ ಇಷ್ಟೇ: '7 ದಿನ ಮೊದಲು ರದ್ದು ಮಾಡಿದರೆ ಪೂರ್ತಿ ಹಣ ವಾಪಸ್.' ಜುಲೈ ತಿಂಗಳು, ಘಾಟಿಯಲ್ಲಿ ಮಳೆ. ಗ್ರಾಹಕರು ಕೇಳುತ್ತಾರೆ: 'ರೋಡ್ ಬಂದ್ ಆದ್ರೆ ದುಡ್ಡು ವಾಪಸ್ ಕೊಡ್ತೀರಾ?' ನಿಮ್ಮ ನಿಯಮದಲ್ಲಿ ರೋಡಿನ ಮಾತೇ ಇಲ್ಲ. ಮನುಷ್ಯರಾದರೆ 'ಯಜಮಾನರನ್ನ ಕೇಳಿ ಹೇಳ್ತೀನಿ' ಅಂತಾರೆ. ಎಐ ಬಾಟ್‌ಗೆ ಗ್ರಾಹಕರನ್ನು ಖುಷಿ ಪಡಿಸುವ ಚಟ. 'ಖಂಡಿತ! ಹವಾಮಾನದಿಂದ ರಸ್ತೆ ಮುಚ್ಚಿದರೆ ಪೂರ್ತಿ ಹಣ ಹಿಂತಿರುಗಿಸುತ್ತೇವೆ' ಎಂದುಬಿಡಬಹುದು. ಗ್ರಾಹಕರು ಅದನ್ನು ನಂಬಿ ದುಡ್ಡು ಕಟ್ಟಿದರು ಅಂದುಕೊಳ್ಳಿ. ಏರ್ ಕೆನಡಾ ಕಥೆ ನಿಮ್ಮ ಮನೆ ಬಾಗಿಲಿಗೆ ಬಂತು. 'ಇದು ಎಐ, ತಪ್ಪಾಗಬಹುದು' ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದರೆ ಸಾಕಲ್ವಾ ಎಂದು ಕೇಳುತ್ತಾರೆ. ಬರೆಯಿರಿ, ತಪ್ಪಿಲ್ಲ. ಆದರೆ ಅದನ್ನೇ ನಂಬಿ ಕೂರಬೇಡಿ. ದರ ಹೇಳುವುದು, ಬುಕಿಂಗ್ ತಗೊಳ್ಳುವುದು ಎಲ್ಲ ಬಾಟ್ ಕೈಲಿ ಮಾಡಿಸಿ, ಜಗಳ ಬಂದಾಗ ಮಾತ್ರ 'ಅದರ ಮಾತು ಲೆಕ್ಕಕ್ಕಿಲ್ಲ' ಎಂದರೆ ಗ್ರಾಹಕ ಆಯೋಗದ ಮುಂದೆ ಅದು ನಿಲ್ಲುವುದು ಕಷ್ಟ.

ಬೇಕಂತಲೇ ಬಾಟ್‌ನ ಬಾಯಿ ಬಿಡಿಸುವವರೂ ಇದ್ದಾರೆ. 2023ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ಕಾರ್ ಡೀಲರ್‌ನ ಬಾಟ್‌ಗೆ ಒಬ್ಬರು, ಏನು ಹೇಳಿದರೂ ಒಪ್ಪಿಕೋ ಎಂದು ಪಾಠ ಹೇಳಿ, ದೊಡ್ಡ ಷೆವರ್ಲೆ ಕಾರನ್ನು 1 ಡಾಲರ್‌ಗೆ ಕೊಡುತ್ತೇನೆ ಎಂದು ಹೇಳಿಸಿದರು. ಕಾರೇನೂ ಸಿಗಲಿಲ್ಲ. ಇಷ್ಟು ಎದ್ದು ಕಾಣುವ ಕುಚೇಷ್ಟೆಯನ್ನು ಯಾವ ನ್ಯಾಯಾಲಯವೂ ಒಪ್ಪಂದ ಅಂತ ನೋಡಲಿಕ್ಕಿಲ್ಲ. 1 ಡಾಲರ್ ಕಾರಿಗಿಂತ, ನಿಜ ಅನ್ನಿಸುವಂಥ 15 ಪರ್ಸೆಂಟ್ ರಿಯಾಯಿತಿಗೇ ನೀವು ಹೆದರಬೇಕು.

ಇನ್ನೊಂದು ಕಡೆ ಯಾರೂ ನೋಡಲ್ಲ. 'ಇನ್ನೆರಡೇ ಸೀರೆ ಉಳಿದಿವೆ, ಬೇಗ ಮಾಡಿ' ಎಂದು ಬಾಟ್ ಸುಮ್ನೆ ಹೇಳಿದರೆ ಅದು ಸುಳ್ಳು ಅವಸರ, ಡಾರ್ಕ್ ಪ್ಯಾಟರ್ನ್ ಪಟ್ಟಿಯಲ್ಲೇ ಇದೆ. ಚೆನ್ನಾಗಿ ಮಾರಾಟ ಮಾಡು ಅಂತ ಬಾಟ್‌ಗೆ ಹೇಳಿಕೊಟ್ಟರೆ ಇಂಥ ಮಾತು ತಾನಾಗಿ ಬಂದುಬಿಡುತ್ತದೆ. ಪವರ್‌ಲೂಮ್ ಸೀರೆಯನ್ನು ಕೈಮಗ್ಗ ಅಂದುಬಿಟ್ಟರಂತೂ ಅದು ಬರೀ ಅವಸರದ ಮಾತಲ್ಲ, ತಪ್ಪು ಮಾಹಿತಿ ಕೊಟ್ಟು ಮಾರಿದ ದೂರು.

ಹಾಗಾದರೆ ಎಐ ಬೇಡವಾ? ಬೇಕು, ಆದರೆ ಬೇಲಿ ಹಾಕಿ. ದರ, ವಾಪಸಾತಿ, ಗ್ಯಾರಂಟಿ, ತಲುಪುವ ದಿನ, ಈ 4 ವಿಷಯ ಬಂದಾಗ ತನ್ನ ವಾಕ್ಯ ಕಟ್ಟದೆ ನೀವು ಬರೆದಿಟ್ಟ ಉತ್ತರವನ್ನೇ ಅಕ್ಷರ ಬದಲಿಸದೆ ಕೊಡುವಂತೆ ಮಾಡಿಸಿ. ನಿಯಮದಲ್ಲಿ ಇಲ್ಲದ್ದು ಕೇಳಿದರೆ ಮನುಷ್ಯರಿಗೆ ದಾಟಿಸಲಿ. ಇದನ್ನು ಮಾಡಿಕೊಡಲು ಆಗಲ್ಲ ಎನ್ನುವ ಕಂಪನಿಯ ಬಾಟ್ ಎಷ್ಟು ಅಗ್ಗವಾದರೂ ಬೇಡ. ಖರ್ಚಿನ ಲೆಕ್ಕದಲ್ಲೂ ಎಚ್ಚರ. ಬಟನ್ ಬಾಟ್‌ನ ಖರ್ಚು ಹೆಚ್ಚು ಏರುಪೇರಾಗುವುದಿಲ್ಲ. ಎಐ ಬಾಟ್‌ಗೆ ಮಾತಿನ ಲೆಕ್ಕದಲ್ಲಿ ದುಡ್ಡು ಹೋಗುತ್ತದೆ, ಜೊತೆಗೆ ವಾರಕ್ಕೊಮ್ಮೆ ಕೂತು ಅದರ ಸಂಭಾಷಣೆ ಓದುವ ಒಬ್ಬರ ಸಂಬಳವನ್ನೂ ಸೇರಿಸಿಕೊಳ್ಳಿ.

ಫೋನ್ ಬಾಟ್: ಎಲ್ಲಕ್ಕಿಂತ ತಾಪತ್ರಯ

ಓದಲು ಬರೆಯಲು ಕಷ್ಟವಾದ ಗ್ರಾಹಕರು ಜಾಸ್ತಿ ಇದ್ದರೆ ಇದು ಆಕರ್ಷಕ. ಕನ್ನಡದಲ್ಲಿ ಮಾತಾಡುತ್ತದೆ, ರಾತ್ರಿ 12ಕ್ಕೂ ಎತ್ತುತ್ತದೆ. ಆದರೆ ಕಾನೂನಿನ ಮುಳ್ಳುಗಳು ಇಲ್ಲೇ ಹೆಚ್ಚು.

ನಾವು ಫೋನಿನಲ್ಲಿ ಎದುರಿನವರು ಮಾತಾಡುವಾಗ 'ಹ್ಞಾಂ… ಹ್ಞೂಂ' ಅನ್ನುತ್ತಲೇ ಇರುತ್ತೇವೆ. ಕೇಳಿಸ್ತಿದೆ, ಮುಂದೆ ಹೇಳಿ ಎಂದಷ್ಟೇ ಅದರ ಅರ್ಥ. ಬಾಟ್ ಅದನ್ನು ಒಪ್ಪಿಗೆ ಅಂತ ದಾಖಲಿಸಿಕೊಂಡರೆ? ದತ್ತಾಂಶ ಕಾಯ್ದೆಯ ಪ್ರಕಾರ ಒಪ್ಪಿಗೆ ಸ್ಪಷ್ಟವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಅನುಮಾನಕ್ಕೆ ಎಡೆ ಇರಬಾರದು. 'ಹ್ಞೂಂ' ಅದಕ್ಕೆ ಸಾಲದು. 'ಒಪ್ಪಿಗೆ ಇದ್ದರೆ 1 ಒತ್ತಿ' ಎಂದು ಕೇಳಿಸುವುದೇ ಸರಿ. ಸಂಖ್ಯೆಯದ್ದೂ ಇದೇ ಕಥೆ. 'ಒಂದೂವರೆ ಸಾವಿರ' ಎಂದದ್ದನ್ನು ಒಂದು ಸಾವಿರ ಎಂದು ಕೇಳಿಸಿಕೊಂಡು ಆರ್ಡರ್ ಹಾಕಿದರೆ ವ್ಯತ್ಯಾಸ ಯಾರ ತಲೆಗೆ? ಧಾರವಾಡದ ಮಾತು, ಕುಂದಾಪುರದ ಮಾತು, ಬಸ್ ಸ್ಟ್ಯಾಂಡ್ ಗದ್ದಲ ಎಲ್ಲದರಲ್ಲೂ ಪರೀಕ್ಷೆ ಮಾಡಿಸದೆ ತಗೊಳ್ಳಬೇಡಿ. ಕೊನೆಗೆ ಆರ್ಡರ್ ವಿವರ ಮೆಸೇಜ್‌ನಲ್ಲಿ ಬರಲೇಬೇಕು. ಫೋನ್ ಮಾತಿಗೆ ಅದೇ ನಿಮ್ಮ ದಾಖಲೆ.

ಬಂದ ಕರೆ ಎತ್ತುವುದಕ್ಕೂ, ಬಾಟ್ ತಾನಾಗಿ ಕರೆ ಮಾಡುವುದಕ್ಕೂ ಅಜಗಜಾಂತರ. 'ನಿಮ್ಮ ಹಳೇ ಗ್ರಾಹಕರಿಗೆಲ್ಲ ನಮ್ಮ ಎಐ ಫೋನ್ ಮಾಡುತ್ತೆ' ಎಂದು ಯಾರಾದರೂ ಬಂದರೆ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2018ರ ನಿಯಮ ನೆನಪಿಸಿಕೊಳ್ಳಿ. ವ್ಯಾಪಾರದ ಕರೆಗೆ ಟೆಲಿಕಾಂ ಕಂಪನಿಯಲ್ಲಿ ನೋಂದಣಿ ಬೇಕು. ಪ್ರಚಾರದ ಕರೆ 140ರಿಂದ ಶುರುವಾಗುವ ನಂಬರ್‌ನಿಂದ ಹೋಗಬೇಕು. ಮಾಮೂಲಿ 10 ಅಂಕಿಯ ಮೊಬೈಲ್ ನಂಬರ್‌ನಿಂದ ಹೋಗುವ ಹಾಗಿಲ್ಲ. ಡಿಎನ್‌ಡಿ ಹಾಕಿಸಿಕೊಂಡವರನ್ನು ಬಿಡಬೇಕು. ತಪ್ಪಿದರೆ ನಿಮ್ಮ ಲೈನ್‌ಗಳನ್ನೇ ಕಡಿತ ಮಾಡಬಹುದು. ಇದನ್ನೆಲ್ಲ ನಿಭಾಯಿಸುವ ತಂಡ ಇಲ್ಲದಿದ್ದರೆ ಹೊರಗೆ ಹೋಗುವ ಕರೆಯ ಆಸೆ ಬಿಡಿ.

ಅರ್ಧ ಬಾಟ್, ಅರ್ಧ ಮನುಷ್ಯರು

ನನ್ನ ಒಲವು ಇತ್ತ. ಬಾಟ್ ಕೇಳಿಸಿಕೊಳ್ಳಲಿ, ವಿಂಗಡಿಸಲಿ, ಉತ್ತರದ ಕರಡು ಬರೆದಿಡಲಿ. ದುಡ್ಡು ಮತ್ತು ಮಾತು ಇರುವ ಉತ್ತರವನ್ನು ಮನುಷ್ಯರು ಒಮ್ಮೆ ನೋಡಿ ಕಳಿಸಲಿ. ಗ್ರಾಹಕರು ಹತ್ತು ನಿಮಿಷ ಕಾಯಬೇಕಾಗಬಹುದು. ರಾತ್ರಿ ಬಂದದ್ದಕ್ಕೆ ಬೆಳಿಗ್ಗೆ ಉತ್ತರ ಹೋಗಬಹುದು. ಹೋಂಸ್ಟೇ, ಮದುವೆ ಛತ್ರ, ಒಡವೆ ಅಂಗಡಿ, ಅಂದರೆ ಒಂದೊಂದು ಆರ್ಡರ್‌ನ ಬೆಲೆ ಜಾಸ್ತಿ ಇರುವ ಕಡೆ ಈ ಕಾಯುವಿಕೆ ನಷ್ಟವೇ ಅಲ್ಲ. ದಿನಕ್ಕೆ ಸಾವಿರಾರು ಸಣ್ಣ ಆರ್ಡರ್ ಬರುವವರಿಗೆ ಮಾತ್ರ ಇದು ನಡೆಯುವುದಿಲ್ಲ. ಅವರಿಗೆ ಬೇಲಿ ಹಾಕಿದ ಎಐ ಬಾಟೇ ಸರಿ.

ವಾಟ್ಸಾಪ್‌ನಲ್ಲಿ ಮಾಡುವುದಾದರೆ 24 ಗಂಟೆಯ ಕಿಟಕಿ ಗಮನದಲ್ಲಿರಲಿ. ಬಾಟ್ ಜೋಡಿಸುವ ಬಿಸಿನೆಸ್ ಎಪಿಐನಲ್ಲಿ, ಗ್ರಾಹಕರ ಕೊನೆಯ ಮೆಸೇಜ್ ಆಗಿ 24 ಗಂಟೆ ಕಳೆದರೆ ವಾಟ್ಸಾಪ್‌ನಿಂದ ಮೊದಲೇ ಒಪ್ಪಿಗೆ ಪಡೆದ ಸಿದ್ಧ ಸಂದೇಶ (ಟೆಂಪ್ಲೇಟ್) ಮಾತ್ರ ಕಳಿಸಬಹುದು. ಭಾನುವಾರ ಎಲ್ಲರೂ ರಜೆ ಹಾಕಿದರೆ ಕಿಟಕಿ ಮುಚ್ಚಿರುತ್ತದೆ.

ಕೆಲವು ವ್ಯಾಪಾರಗಳಿಗೆ ಲೆಕ್ಕ ಬೇರೆ

ಕ್ಲಿನಿಕ್‌ನವರು ಎಐ ಬಾಟ್‌ಗೆ ಅಪಾಯಿಂಟ್‌ಮೆಂಟ್ ಬಿಟ್ಟು ಬೇರೇನೂ ಕೊಡಬೇಡಿ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ: ಎಐ ಆಧಾರಿತ ವ್ಯವಸ್ಥೆ ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧಿ ಬರೆಯುವಂತಿಲ್ಲ. ಅದು ವೈದ್ಯರಿಗೆ ನೆರವಾಗಬಹುದು ಅಷ್ಟೇ. 'ಎದೆ ಉರಿ, ಏನು ತಗೊಳ್ಲಿ?' ಎಂದು ಕೇಳಿದರೆ ಬಟನ್ ಬಾಟ್ ಡಾಕ್ಟರ ನಂಬರ್ ಕೊಡುತ್ತದೆ. ಎಐ ಬಾಟ್ ಮಾತ್ರೆ ಹೆಸರು ಹೇಳಬಹುದು. ಇಲ್ಲಿ ಪೆದ್ದುತನವೇ ಗುಣ. ಆಯುರ್ವೇದದ ಔಷಧಿ ಮಾರುವವರಿಗೂ ಇದೇ ಮಾತು. 'ಸಕ್ಕರೆ ಕಾಯಿಲೆ ವಾಸಿಯಾಗುತ್ತೆ' ಎಂದು ಬಾಟ್ ಹೇಳಿದರೆ 1954ರ ಡ್ರಗ್ಸ್ ಆ್ಯಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಎದುರಾಗುತ್ತದೆ.

ಟ್ಯೂಷನ್ ಸೆಂಟರ್, ಮಕ್ಕಳ ಆ್ಯಪ್ ನಡೆಸುವವರು ಗಮನಿಸಿ. ಹೊಸ ದತ್ತಾಂಶ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಪರಿಶೀಲಿಸಬಹುದಾದ ರೀತಿಯಲ್ಲಿ ಹೆತ್ತವರ ಒಪ್ಪಿಗೆ ಬೇಕು. ಪಿಯುಸಿ ಹುಡುಗ ಬಾಟ್ ಹತ್ತಿರ ನೇರವಾಗಿ ಹೆಸರು, ಮಾರ್ಕ್ಸ್ ಹೇಳಿಕೊಳ್ಳುವ ವ್ಯವಸ್ಥೆ ಮುಂದೆ ಕಷ್ಟ. ಬಾಟ್ ಅಪ್ಪ-ಅಮ್ಮನ ನಂಬರ್‌ನಲ್ಲೇ ಮಾತಾಡಲಿ.

ಬೆಂಗಳೂರಿನಿಂದ ಹೊರದೇಶಕ್ಕೆ ಸೇವೆ ಕೊಡುವವರಿಗೆ ಅಲ್ಲಿನ ಕಾನೂನೂ ತಟ್ಟುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ, ಮಾರಾಟಕ್ಕಾಗಿ ಬಾಟನ್ನು ಮನುಷ್ಯರು ಅಂತ ನಂಬಿಸುವುದು ಕಾನೂನಿಗೆ ವಿರುದ್ಧ. ಯುರೋಪಿನ ಎಐ ಕಾಯ್ದೆಯಲ್ಲೂ, ನೀವು ಮಾತಾಡುತ್ತಿರುವುದು ಯಂತ್ರದ ಜೊತೆ ಎಂದು ತಿಳಿಸುವ ನಿಯಮ ಇದೆ. ಅಮೆರಿಕದಲ್ಲಿ ಎಐ ದನಿಯಲ್ಲಿ ಕರೆ ಮಾಡಿದರೆ ಅದು ರೋಬೊಕಾಲ್ (ಯಂತ್ರ ಮಾಡುವ ಕರೆ) ಕಾನೂನಿನ ಕೆಳಗೆ ಬರುತ್ತದೆ ಎಂದು ಅಲ್ಲಿನ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2024ರ ಫೆಬ್ರವರಿಯಲ್ಲಿ ಹೇಳಿದೆ. ಬಾಟ್‌ಗೆ 'ಪ್ರಿಯಾ', 'ಕೆವಿನ್' ಅಂತ ಹೆಸರಿಟ್ಟು ಫೋಟೊ ಹಾಕುವ ಚಾಳಿ ಅಲ್ಲಿ ದುಬಾರಿ ಆಗಬಹುದು. ನಮ್ಮಲ್ಲೂ ಇದು ಮರ್ಯಾದೆಯ ಕೆಲಸವಲ್ಲ.

ಸಹಿ ಹಾಕುವ ಮುಂಚೆ

ಯಾವ ಬಾಟ್ ಎಂದು ತೀರ್ಮಾನವಾದ ಮೇಲೆ ಯಾರಿಂದ ಎನ್ನುವ ಪ್ರಶ್ನೆ. ಅಗ್ಗದ ಪ್ಯಾಕೇಜ್‌ಗಳಲ್ಲಿ ಒಪ್ಪಂದವೇ ಇರುವುದಿಲ್ಲ, ಒಂದು 'ಐ ಅಗ್ರೀ' ಟಿಕ್ ಅಷ್ಟೇ. ಇಷ್ಟನ್ನಾದರೂ ಬರವಣಿಗೆಯಲ್ಲಿ ಕೇಳಿ. ಸಂಭಾಷಣೆಗಳು ಯಾವ ದೇಶದ ಸರ್ವರ್‌ನಲ್ಲಿ ಇರುತ್ತವೆ. ನನ್ನ ಗ್ರಾಹಕರ ಮಾತನ್ನು ನಿಮ್ಮ ಎಐಗೆ ಕಲಿಸಲು ಬಳಸುತ್ತೀರಾ. ಮಾಹಿತಿ ಸೋರಿದರೆ ಎಷ್ಟು ಗಂಟೆಯಲ್ಲಿ ನನಗೆ ಹೇಳುತ್ತೀರಿ. ಇದು ಮುಖ್ಯ, ಯಾಕೆಂದರೆ ಸೈಬರ್ ಘಟನೆಯನ್ನು 6 ಗಂಟೆಯೊಳಗೆ ತಿಳಿಸಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನ ಇದೆ. ಹೊಸ ನಿಯಮದಲ್ಲಿ ದತ್ತಾಂಶ ಮಂಡಳಿಗೆ 72 ಗಂಟೆಯೊಳಗೆ ವಿವರ ಹೋಗಬೇಕು. ನಾಲ್ಕು ದಿನದ ನಂತರ ಇಮೇಲ್ ಕಳಿಸುವವರಿಂದ ನಿಮಗೆ ಉಪಯೋಗ ಇಲ್ಲ.

ಸಂಭಾಷಣೆಯ ದಾಖಲೆ ನಿಮ್ಮ ಕೈಗೆ ಸಿಗಬೇಕು, ಅವರ ಡ್ಯಾಷ್‌ಬೋರ್ಡ್‌ನಲ್ಲಿ ಮಾತ್ರ ಇದ್ದರೆ ಸಾಲದು. ಚಂದಾ ನಿಲ್ಲಿಸಿದ ದಿನ ಅದು ಮಾಯವಾಗುತ್ತದೆ, ದೂರು ಬರುವುದು ಅದಾದ ಮೇಲೆ. ಒಪ್ಪಿಗೆ ಕೇಳುವ ನೋಟಿಸ್ ಕನ್ನಡದಲ್ಲೂ ಸಿಗುತ್ತದಾ ನೋಡಿ. ಸಂವಿಧಾನದ 8ನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದನ್ನಾದರೂ ಆರಿಸಿಕೊಳ್ಳುವ ಅವಕಾಶ ಗ್ರಾಹಕರಿಗೆ ಇರಬೇಕು ಎಂದು ದತ್ತಾಂಶ ಕಾಯ್ದೆ ಹೇಳುತ್ತದೆ. ಇಂಗ್ಲಿಷ್ ಮತ್ತು ಹಿಂದಿ ಮಾತ್ರ ಇಟ್ಟುಕೊಂಡು ಬರುವವರೇ ಜಾಸ್ತಿ. ಬಾಟ್ ತಪ್ಪು ಮಾತು ಕೊಟ್ಟು ನೀವು ದುಡ್ಡು ಕಟ್ಟಬೇಕಾದರೆ ಅದರಲ್ಲಿ ಅವರ ಪಾಲೆಷ್ಟು ಎಂದೂ ಕೇಳಿ. ಹಲವರು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಒಪ್ಪದಿದ್ದರೆ ಆ ಬಾಟ್‌ನಿಂದ ದರ ಮತ್ತು ವಾಪಸಾತಿಯ ಉತ್ತರಗಳನ್ನು ತೆಗೆಸಿ, ಅವನ್ನು ನಿಮ್ಮವರೇ ಕಳಿಸಲಿ. ಉಳಿದದ್ದಕ್ಕೆ ಬಾಟ್ ಇರಲಿ.